ಗುರಿ ತಪ್ಪಿಸಿಕೊಳ್ಳುವ ಕ್ಯಾನ್ಸರ್

ಹಳೆಯ ಕೀಮೊಥೆರಪಿ ಔಷಧಗಳು ವೇಗವಾಗಿ ವಿಭಜನೆಯಾಗುವ ಎಲ್ಲ ಜೀವಕೋಶಗಳ ಮೇಲೂ ಎರಗುತ್ತವೆ. ಕ್ಯಾನ್ಸರ್ ಗಂಟಿನ ಜೊತೆಗೆ ಕೂದಲಿನ ಬುಡಕ್ಕೂ ಬಾಯಿಯ ಒಳಪದರಕ್ಕೂ ಅಸ್ಥಿಮಜ್ಜೆಗೂ ಪೆಟ್ಟು ಬೀಳುವುದು ಆ ಕಾರಣಕ್ಕೇ. ಗುರಿನಿರ್ದೇಶಿತ ಔಷಧಗಳ ರೀತಿ ಬೇರೆ. ಕ್ಯಾನ್ಸರ್ ಕೋಶವನ್ನು ಬೆಳೆಯುವಂತೆ ಪ್ರಚೋದಿಸುತ್ತಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಿ, ಅದಕ್ಕೆ ಅಂಟಿಕೊಂಡು, ಅದರ ಕೆಲಸವನ್ನು ನಿಲ್ಲಿಸುವುದು ಅವುಗಳ ಉದ್ದೇಶ. ಆ ಪ್ರೋಟೀನನ್ನೇ ವೈದ್ಯವಿಜ್ಞಾನ ಆಣ್ವಿಕ ಗುರಿ ಎನ್ನುತ್ತದೆ. ಗುರಿ ಸರಿಯಾಗಿದ್ದರೆ ಫಲ ಬೆರಗು ಹುಟ್ಟಿಸುವಂತಿರುತ್ತದೆ. ಆದರೆ ಎಷ್ಟೋ ರೋಗಿಗಳಲ್ಲಿ ಕೆಲವು ತಿಂಗಳು ಅಥವಾ ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡಿದ ಔಷಧ ಆಮೇಲೆ ನಾಟುವುದಿಲ್ಲ. ಇಳಿದಿದ್ದ ರೋಗ ಮತ್ತೆ ಏರುತ್ತದೆ. ಇದಕ್ಕೆ ಔಷಧ ಪ್ರತಿರೋಧ ಎಂದು ಹೆಸರು. ಇಂದಿನ ಕ್ಯಾನ್ಸರ್ ಸಂಶೋಧನೆಯ ದೊಡ್ಡ ಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಪ್ರತಿರೋಧದ ತತ್ವವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಫಜಲಪುರ ತಾಲ್ಲೂಕಿನ ಹವಳಗಾದ ಆಸುಪಾಸಿನಲ್ಲಿ ಈಗ ಕಬ್ಬು ಇದೆ, ಸಕ್ಕರೆ ಕಾರ್ಖಾನೆಯೂ ಇದೆ. ಆದರೂ ಈ ಸೀಮೆಯ ಎರೆ ಹೊಲಗಳ ಬೆಳೆಯೆಂದರೆ ತೊಗರಿಯೇ, ತೊಗರಿಯ ವೈರಿಯೆಂದರೆ ಹಸಿರು ಕಾಯಿಕೊರಕವೇ. ತಲೆಯನ್ನು ಕಾಯಿಯೊಳಗೆ ತೂರಿಸಿ, ಮೈಯನ್ನು ಹೊರಗೆ ಬಿಟ್ಟುಕೊಂಡು ಕಾಳು ತಿನ್ನುವ ಈ ಹುಳಕ್ಕೆ ಮೊದಲು ಒಂದು ಸಲ ಎಣ್ಣೆ ಹೊಡೆದರೆ ಸಾಕಾಗುತ್ತಿತ್ತು. ಬರಬರುತ್ತ ಅದೇ ಕೀಟನಾಶಕವನ್ನು ಮೂರು ನಾಲ್ಕು ಸಲ ಹೊಡೆದರೂ ಹುಳ ಸಾಯದಾಯಿತು. ಯಾವ ಹುಳವೂ ವಿಷ ಕುಡಿದು ಗಟ್ಟಿಯಾದದ್ದಲ್ಲ. ಲಕ್ಷಾಂತರ ಹುಳಗಳಲ್ಲಿ ಹುಟ್ಟಿನಿಂದಲೇ ವಿಷವನ್ನು ಅರಗಿಸಿಕೊಳ್ಳಬಲ್ಲ ಕೆಲವು ಮೊದಲೇ ಇದ್ದವು. ಸಿಂಪಡಣೆ ಉಳಿದವನ್ನು ಕೊಂದು, ಹೊಲವನ್ನು ಆ ಕೆಲವಕ್ಕೆ ಬಿಟ್ಟುಕೊಟ್ಟಿತು. 1990ರ ದಶಕದ ಕೊನೆಯ ಹೊತ್ತಿಗೆ ಈ ಭಾಗದ ರೈತರು ಗಿಡದ ಕೆಳಗೆ ಬಟ್ಟೆ ಹಾಸಿ, ಗಿಡ ಅಲುಗಾಡಿಸಿ, ಹುಳ ಉದುರಿಸುವ ದಾರಿ ಹಿಡಿದಿದ್ದರು. ಕ್ಯಾನ್ಸರ್ ಕೋಶಗಳ ನಡುವೆ ನಡೆಯುವುದೂ ಇದೇ ಆಯ್ಕೆ. ಮುಂದೆ ಕಾಣುವಂತೆ, ಕೆಲವು ಕ್ಯಾನ್ಸರ್ ವಿಜ್ಞಾನಿಗಳು ಕೀಟ ನಿರ್ವಹಣೆಯಿಂದಲೇ ಪಾಠ ತೆಗೆದುಕೊಂಡಿದ್ದಾರೆ.

ಆಣ್ವಿಕ ಗುರಿ ಎಂದರೇನು, ಅದು ಹೇಗೆ ಕೈತಪ್ಪುತ್ತದೆ ಎನ್ನುವುದನ್ನು ತಿಳಿಯಲು ಅತ್ಯಂತ ಸ್ಪಷ್ಟ ಉದಾಹರಣೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಆಸ್ಪತ್ರೆಯ ಮಾತಿನಲ್ಲಿ ಸಿಎಂಎಲ್. ಇದು ನಿಧಾನವಾಗಿ ಬೆಳೆಯುವ ಒಂದು ರಕ್ತದ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಭಾರತದಲ್ಲಿ ಮೂವತ್ತು ನಲವತ್ತರ ಆಸುಪಾಸಿನಲ್ಲಿ, ದುಡಿಯುವ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಸಾಮಾನ್ಯ. ರೋಗಿ ವೈದ್ಯರ ಬಳಿ ಬರುವುದು ಬಹುತೇಕ ಸಣ್ಣ ದೂರುಗಳೊಂದಿಗೆ: ಎಡ ಪಕ್ಕೆಯ ಕೆಳಗೆ ಭಾರ, ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದಂತೆ ಅನಿಸುವುದು, ಕಾರಣವಿಲ್ಲದ ಸುಸ್ತು, ತೂಕ ಇಳಿಯುವುದು. ಹೊಟ್ಟೆ ಮುಟ್ಟಿ ನೋಡಿದರೆ ಪಕ್ಕೆಲುಬಿನ ಮರೆಯಲ್ಲಿರಬೇಕಾದ ಗುಲ್ಮ ಕೆಲವೊಮ್ಮೆ ಹೊಕ್ಕುಳದವರೆಗೂ ಇಳಿದಿರುತ್ತದೆ. ಆರೋಗ್ಯವಂತರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸುಮಾರು 4,000ದಿಂದ 11,000 ಇದ್ದರೆ, ಇವರಲ್ಲಿ ಅದು ಲಕ್ಷ ದಾಟಿರುವುದು ಅಪರೂಪವಲ್ಲ. ಚಿಕಿತ್ಸೆ ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಈ ಶಾಂತ ರೋಗ ತೀವ್ರ ಲ್ಯುಕೇಮಿಯಾಕ್ಕೆ ತಿರುಗುತ್ತದೆ. ಆಮೇಲೆ ಉಳಿಯುವುದು ತಿಂಗಳುಗಳ ಲೆಕ್ಕ.

ಈ ರೋಗದ ಮೂಲ ಒಂದೇ ಒಂದು ಅದಲುಬದಲಿನಲ್ಲಿದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಗಿಡ್ಡಗಿರುವ ಒಂದು ವರ್ಣತಂತುವನ್ನು ಗುರುತಿಸಿದರು. ಅದಕ್ಕೆ ಊರಿನ ಹೆಸರೇ ಬಂತು. 1973ರಲ್ಲಿ ಷಿಕಾಗೊದ ಜಾನೆಟ್ ರೌಲಿ ಅದರ ಕಾರಣ ಕಂಡುಹಿಡಿದರು: 9ನೇ ವರ್ಣತಂತುವಿನ ಒಂದು ತುಂಡು ಮತ್ತು 22ನೇ ವರ್ಣತಂತುವಿನ ಒಂದು ತುಂಡು ಸ್ಥಳ ಬದಲಿಸಿಕೊಂಡಿದ್ದವು. ಈ ಅದಲುಬದಲಿನಿಂದ ಎಬಿಎಲ್ ಎಂಬ ಜೀನ್ ಬಿಸಿಆರ್ ಎಂಬ ಜೀನಿಗೆ ಅಂಟಿಕೊಂಡು, ಸಹಜ ದೇಹದಲ್ಲಿ ಎಲ್ಲೂ ಇಲ್ಲದ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಅದು ಒಂದು ಕಿಣ್ವ. ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ತುಣುಕನ್ನು ತೆಗೆದು ಬೇರೆ ಪ್ರೋಟೀನುಗಳಿಗೆ ಅಂಟಿಸುವುದು ಅದರ ಕೆಲಸ. ಹಾಗೆ ಅಂಟಿಸಿದೊಡನೆ ಕೋಶಕ್ಕೆ ‘ಬೆಳೆ, ಒಡೆದು ಎರಡಾಗು’ ಎಂಬ ಸಂದೇಶ ಹೋಗುತ್ತದೆ. ಸಹಜ ಎಬಿಎಲ್ ಅಗತ್ಯ ಬಿದ್ದಾಗ ಮಾತ್ರ ಈ ಸಂದೇಶ ಕಳಿಸುತ್ತದೆ. ಬಿಸಿಆರ್-ಎಬಿಎಲ್ ಬಿಡುವೇ ಇಲ್ಲದೆ ಕಳಿಸುತ್ತಿರುತ್ತದೆ.

ಎಟಿಪಿ ಬಂದು ಕೂರುವ ಕುಳಿಯಲ್ಲಿ ಬೇರೊಂದು ಅಣುವನ್ನು ಕೂರಿಸಿಬಿಟ್ಟರೆ ಕಿಣ್ವ ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಅವರ ತಂಡ ಅಂಥ ಅಣುವೊಂದನ್ನು ರೂಪಿಸಿತು. ಅದು ಸಿಎಂಎಲ್ ಕೋಶಗಳನ್ನು ಕೊಲ್ಲುತ್ತದೆ ಎಂದು ಆರೆಗಾನಿನ ವೈದ್ಯ ಬ್ರಯನ್ ಡ್ರುಕರ್ ತೋರಿಸಿದರು. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು, 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ಆಡಳಿತ ಅನುಮತಿ ಕೊಟ್ಟಿತು. ಔಷಧದ ಹೆಸರು ಇಮ್ಯಾಟಿನಿಬ್, ಕಂಪನಿಯ ಹೆಸರಿನಲ್ಲಿ ಗ್ಲಿವೆಕ್. ದಿನಕ್ಕೆ 400 ಮಿಲಿಗ್ರಾಂ, ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ. 1,106 ರೋಗಿಗಳನ್ನು ಒಳಗೊಂಡ ಐರಿಸ್ ಎಂಬ ಅಧ್ಯಯನದಲ್ಲಿ ಮೊದಲಿನಿಂದ ಇಮ್ಯಾಟಿನಿಬ್ ಪಡೆದ ಗುಂಪಿನ ಶೇ 83ರಷ್ಟು ಜನ ಹತ್ತು ವರ್ಷಗಳ ನಂತರವೂ ಬದುಕಿದ್ದರು. ಮೂರರಿಂದ ಐದು ವರ್ಷಗಳಲ್ಲಿ ಕೊಲ್ಲುತ್ತಿದ್ದ ರೋಗ ದಿನಕ್ಕೊಂದು ಸಲದ ಗುಳಿಗೆಗೆ ಇಳಿದಿತ್ತು. ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಇದಕ್ಕೆ ಸಾಟಿಯಾಗುವ ಪ್ರಸಂಗಗಳು ಹೆಚ್ಚಿಲ್ಲ.

ಈ ಗುಳಿಗೆ ಭಾರತದ ಬಡವರ ಕೈಗೆ ಬಂದ ಕಥೆಗೂ ಅಷ್ಟೇ ತೂಕವಿದೆ. ಇಲ್ಲಿ ಗ್ಲಿವೆಕ್‌ನ ಬೆಲೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಭಾರತೀಯ ಕಂಪನಿಗಳು ತಯಾರಿಸಿದ ಅದೇ ಔಷಧ ಎಂಟು ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಗ್ಲಿವೆಕ್ ತಯಾರಕ ನೊವಾರ್ಟಿಸ್ ಕಂಪನಿಯ ನೆರವು ಕಾರ್ಯಕ್ರಮವೊಂದರ ಮೂಲಕ 2002ರಿಂದ ಸಾವಿರಾರು ರೋಗಿಗಳಿಗೆ ಉಚಿತ ಗುಳಿಗೆಯೂ ದೊರೆಯಿತು. ಇಮ್ಯಾಟಿನಿಬ್ ಮೆಸಿಲೇಟ್‌ನ ಒಂದು ಸ್ಫಟಿಕ ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ ಸಲ್ಲಿಸಿದ್ದ ಅರ್ಜಿಯನ್ನು 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ತಿರಸ್ಕರಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಳೆಯ ಔಷಧದ ಹೊಸ ರೂಪಕ್ಕೆ ಹೆಚ್ಚಿನ ಗುಣಕಾರಿ ಶಕ್ತಿ ಇದೆಯೆಂದು ಸಾಬೀತಾಗದೆ ಪೇಟೆಂಟ್ ಇಲ್ಲ ಎನ್ನುವ ಭಾರತೀಯ ಪೇಟೆಂಟ್ ಕಾಯ್ದೆಯ 3(ಡಿ) ಕಲಮನ್ನು ಎತ್ತಿಹಿಡಿದು, 2013ರ ಏಪ್ರಿಲ್ 1ರಂದು ನ್ಯಾಯಾಲಯ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಕರ್ನಾಟಕದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಿಂದ ಇಂದು ಈ ಗುಳಿಗೆ ಪಡೆದು ನುಂಗುತ್ತ ಕೂಲಿಗೆ, ಶಾಲೆಗೆ, ಕಚೇರಿಗೆ ಹೋಗುತ್ತಿರುವವರ ಬದುಕಿನ ಹಿಂದೆ ಆ ತೀರ್ಪೂ ಇದೆ.

ಇನ್ನು ಪ್ರತಿರೋಧದ ವಿಷಯ. ಇಮ್ಯಾಟಿನಿಬ್‌ಗೆ ಅನುಮತಿ ಸಿಕ್ಕ 2001ರಲ್ಲೇ, ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಸಾಯರ್ಸ್ ಅವರ ತಂಡ ಔಷಧ ನಾಟದೆ ಹೋದ ರೋಗಿಗಳ ಕೋಶಗಳನ್ನು ಪರೀಕ್ಷಿಸಿತು. ಬಿಸಿಆರ್-ಎಬಿಎಲ್ ಕಿಣ್ವದ 315ನೇ ಸ್ಥಾನದಲ್ಲಿ ಇರಬೇಕಾದ ಥ್ರಿಯೊನೀನ್ ಎಂಬ ಅಮೈನೊ ಆಮ್ಲದ ಜಾಗದಲ್ಲಿ ಹಲವರಲ್ಲಿ ಐಸೊಲ್ಯೂಸೀನ್ ಬಂದು ಕೂತಿತ್ತು. ಬದಲಾದದ್ದು ಡಿಎನ್‌ಎಯ ಒಂದೇ ಅಕ್ಷರ. ಥ್ರಿಯೊನೀನ್ ಇದ್ದಾಗ ಇಮ್ಯಾಟಿನಿಬ್ ಅದರೊಂದಿಗೆ ಹೈಡ್ರೊಜನ್ ಬಂಧ ಕಟ್ಟಿಕೊಂಡು ಕುಳಿಯಲ್ಲಿ ನೆಲೆ ನಿಲ್ಲುತ್ತದೆ. ಐಸೊಲ್ಯೂಸೀನ್‌ಗೆ ಆ ಬಂಧ ಕಟ್ಟುವ ಗುಂಪು ಇಲ್ಲ. ಮೇಲಾಗಿ ಅದರ ದಪ್ಪ ಪಕ್ಕಸರಪಳಿ ಕುಳಿಯ ಬಾಯಿಗೆ ಅಡ್ಡ ಬರುತ್ತದೆ. ಔಷಧಕ್ಕೆ ಜಾಗ ಸಿಗುವುದಿಲ್ಲ, ಎಟಿಪಿಗೆ ಮಾತ್ರ ಮೊದಲಿನಂತೆಯೇ ಸಿಗುತ್ತದೆ. ಟಿ315ಐ ಎಂದು ಕರೆಯುವ ಈ ಬದಲಾವಣೆಯ ಜೊತೆಗೆ ಇನ್ನೂ ಬೇರೆ ಸ್ಥಾನಗಳಲ್ಲಿ ಆಗುವ ನೂರಕ್ಕೂ ಹೆಚ್ಚು ಮಾರ್ಪಾಡುಗಳು ಈಗ ಗೊತ್ತಿವೆ. ಕೆಲವು ರೋಗಿಗಳಲ್ಲಿ ಕಿಣ್ವ ಬದಲಾಗದೆ ಅದರ ಜೀನಿನ ಪ್ರತಿಗಳೇ ಹೆಚ್ಚಿ, ಔಷಧದ ಪ್ರಮಾಣಕ್ಕೆ ಮೀರಿದಷ್ಟು ಕಿಣ್ವ ತಯಾರಾಗುತ್ತಿರುವುದೂ ಕಂಡಿತು.

ಇಂಥ ಕೋಶ ಎಲ್ಲಿಂದ ಬಂತು? ರೋಗ ಪತ್ತೆಯಾಗುವ ಹೊತ್ತಿಗೆ ಸಿಎಂಎಲ್ ರೋಗಿಯ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕೋಶಗಳಿರುತ್ತವೆ. ಪ್ರತಿ ವಿಭಜನೆಯಲ್ಲಿ ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗಿಯೇ ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ 315ನೇ ಸ್ಥಾನ ತಪ್ಪಿದ ಕೋಶವೊಂದು ಗುಳಿಗೆ ಶುರುವಾಗುವ ಮೊದಲೇ ಇರುವುದು ಆಶ್ಚರ್ಯವಲ್ಲ. ಔಷಧ ಉಳಿದ ಕೋಶಗಳನ್ನು ಅಳಿಸಿದ ಮೇಲೆ ಅದರ ಸಂತತಿಗೆ ಪೈಪೋಟಿ ಇರುವುದಿಲ್ಲ.

ವಿಜ್ಞಾನ ಕೈಕಟ್ಟಿ ಕೂರಲಿಲ್ಲ. 2006ರಲ್ಲಿ ಡ್ಯಾಸಾಟಿನಿಬ್, 2007ರಲ್ಲಿ ನಿಲೊಟಿನಿಬ್ ಬಂದವು. ಬಹುತೇಕ ಮಾರ್ಪಾಡುಗಳಿಗೆ ಅವು ಸಾಕಾದವು, ಟಿ315ಐಗೆ ಸಾಕಾಗಲಿಲ್ಲ. 2012ರಲ್ಲಿ ಬಂದ ಪೊನಾಟಿನಿಬ್ ಅದನ್ನೂ ನಿಗ್ರಹಿಸುತ್ತದೆ, ಆದರೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯವಿರುವುದರಿಂದ ವೈದ್ಯರು ಅಳೆದು ತೂಗಿಯೇ ಕೊಡುತ್ತಾರೆ. 2021ರಲ್ಲಿ ಅನುಮತಿ ಪಡೆದ ಅಸಿಮಿನಿಬ್ ಬೇರೆಯೇ ದಾರಿ ಹಿಡಿಯಿತು. ಅದು ಎಟಿಪಿಯ ಕುಳಿಗೆ ಹೋಗುವುದೇ ಇಲ್ಲ. ಕಿಣ್ವದ ಇನ್ನೊಂದು ಬದಿಯಲ್ಲಿರುವ, ಸಹಜ ಎಬಿಎಲ್ ತನ್ನನ್ನು ತಾನು ಹತೋಟಿಯಲ್ಲಿಡಲು ಬಳಸುವ ಗುಳಿಯಲ್ಲಿ ಕೂತು ಇಡೀ ಕಿಣ್ವದ ಆಕಾರವನ್ನು ಮಡಚಿ ನಿಲ್ಲಿಸುತ್ತದೆ. ಗುರಿ ಅದೇ, ಹೊಡೆಯುವ ಜಾಗ ಬೇರೆ.

ಗುಳಿಗೆ ನಾಟುತ್ತಿಲ್ಲ ಎಂದಾಗಲೆಲ್ಲ ಕಾರಣ ಮಾರ್ಪಾಡೇ ಆಗಿರಬೇಕೆಂದಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಒಂದು ಅಧ್ಯಯನ, 2010ರಲ್ಲಿ ಪ್ರಕಟವಾದದ್ದು, ಈ ವಿಷಯದಲ್ಲಿ ಪ್ರತಿಯೊಬ್ಬ ರೋಗಿಯೂ ತಿಳಿಯಬೇಕಾದ್ದು. ಕೆಲವು ವರ್ಷಗಳಿಂದ ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ಜನರಿಗೆ ಗುಳಿಗೆಯ ಬಾಟಲಿ ಕೊಡಲಾಯಿತು. ಅದರ ಮುಚ್ಚಳದಲ್ಲಿದ್ದ ಪುಟ್ಟ ಚಿಪ್, ಮುಚ್ಚಳ ತೆರೆದ ದಿನ ಮತ್ತು ಗಂಟೆಯನ್ನು ಮೂರು ತಿಂಗಳು ದಾಖಲಿಸಿತು. ಶೇ 90ಕ್ಕಿಂತ ಹೆಚ್ಚು ಗುಳಿಗೆಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ ಆಳವಾದ ಗುಣ ಕಾಣುವ ಸಾಧ್ಯತೆ ಆರು ವರ್ಷಗಳಲ್ಲಿ ಶೇ 94.5 ಇತ್ತು, ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಶೇ 28.4. ಶೇ 80ಕ್ಕೂ ಕೆಳಗಿದ್ದವರಲ್ಲಿ ಅಂಥ ಗುಣ ಯಾರಿಗೂ ಸಿಗಲಿಲ್ಲ. ತಿಂಗಳಿಗೆ ಮೂರು ದಿನ ತಪ್ಪಿದರೆ ಶೇ 90ಕ್ಕೆ ಬಂದಂತೆ. ಗುಲ್ಮ ಇಳಿದು, ಸುಸ್ತು ಹೋಗಿ, ‘ಈಗ ಆರಾಮಿದ್ದೀನಿ’ ಅನಿಸಿದಾಗಲೇ ಗುಳಿಗೆ ತಪ್ಪುವುದು ಹೆಚ್ಚು. ಕಬ್ಬು ಕಡಿಯಲು ವಲಸೆ ಹೋದಾಗ, ಮನೆಯಲ್ಲಿ ಮದುವೆ ಬಂದಾಗ, ಬಸ್ಸಿನ ಖರ್ಚಿಗೆ ದುಡ್ಡಿಲ್ಲದಾಗ ತಪ್ಪುವುದೂ ಇದೆ. ಕೋಶಕ್ಕೆ ಕಾರಣ ಮುಖ್ಯವಲ್ಲ. ರಕ್ತದಲ್ಲಿ ಔಷಧದ ಪ್ರಮಾಣ ಕಡಿಮೆಯಾದರೆ ಸಾಕು.

ಭಾರತದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಇಮ್ಯಾಟಿನಿಬನ್ನು ಯಕೃತ್ತು ಬಹಳ ಬೇಗ ಒಡೆದುಹಾಕುವಂತೆ ಮಾಡುತ್ತದೆ. ರಕ್ತದಲ್ಲಿ ಔಷಧದ ಪ್ರಮಾಣ ಸಾಮಾನ್ಯದ ಕಾಲು ಭಾಗದಷ್ಟಕ್ಕೆ ಇಳಿಯಬಹುದು. ಎರಡೂ ಕಾಯಿಲೆ ಇರುವ ರೋಗಿ ಎರಡೂ ಕಡೆಯ ವೈದ್ಯರಿಗೆ ಎರಡೂ ಚೀಟಿ ತೋರಿಸಲೇಬೇಕು.

ಪ್ರತಿರೋಧವನ್ನು ಬೇಗ ಹಿಡಿಯುವ ಪರೀಕ್ಷೆಯ ಹೆಸರು ಪಿಸಿಆರ್. ತೋಳಿನಿಂದ ತೆಗೆದ ರಕ್ತದಲ್ಲಿ, ಲಕ್ಷ ಸಹಜ ಕೋಶಗಳ ನಡುವೆ ಒಂದು ರೋಗಕೋಶ ಇದ್ದರೂ ಅದು ಗುರುತಿಸಬಲ್ಲದು. ಚಿಕಿತ್ಸೆ ಶುರುವಾದ ಮೂರು ತಿಂಗಳಿಗೆ ಬಿಸಿಆರ್-ಎಬಿಎಲ್ ಪ್ರಮಾಣ ಶೇ 10ರ ಒಳಗೆ, ಆರು ತಿಂಗಳಿಗೆ ಶೇ 1ರ ಒಳಗೆ, ವರ್ಷಕ್ಕೆ ಶೇ 0.1ರ ಒಳಗೆ ಬರಬೇಕು ಎನ್ನುವುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿರುವ ಅಳತೆ. ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಮೊದಲು ಗುಳಿಗೆ ಸರಿಯಾಗಿ ಹೋಗುತ್ತಿದೆಯೇ ಎಂದು ವಿಚಾರಿಸಿ, ಆಮೇಲೆ ಯಾವ ಸ್ಥಾನದಲ್ಲಿ ಮಾರ್ಪಾಡು ಆಗಿದೆ ಎಂಬ ಪರೀಕ್ಷೆ ಮಾಡಿಸಿ ಔಷಧ ಬದಲಿಸುತ್ತಾರೆ. ಇನ್ನು, ಗುಳಿಗೆಯನ್ನು ಎಂದಾದರೂ ನಿಲ್ಲಿಸಬಹುದೇ? ಎರಡು ವರ್ಷಗಳಿಗೂ ಮೀರಿ ಪರೀಕ್ಷೆಯಲ್ಲಿ ರೋಗದ ಸುಳಿವೇ ಸಿಗದಿದ್ದ 100 ಜನರಲ್ಲಿ ಫ್ರಾನ್ಸಿನ ವೈದ್ಯರು ಔಷಧ ನಿಲ್ಲಿಸಿ ನೋಡಿದರು. ಹತ್ತರಲ್ಲಿ ಸುಮಾರು ನಾಲ್ವರಿಗೆ ರೋಗ ಮರಳಲಿಲ್ಲ. ಮರಳಿದವರಿಗೆ ಗುಳಿಗೆ ಮತ್ತೆ ಶುರುಮಾಡಿದಾಗ ರೋಗ ಹತೋಟಿಗೆ ಬಂತು. ಆದರೆ ಅದು ಪದೇಪದೇ ರಕ್ತ ಪರೀಕ್ಷೆ ಮಾಡುತ್ತ, ವೈದ್ಯರ ಕಣ್ಣೆದುರು ನಡೆದದ್ದು. ಮನೆಯಲ್ಲಿ ತಾವೇ ನಿಲ್ಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಿಎಂಎಲ್ ಸುಲಭದ ಶತ್ರು. ಅದರ ಜೀವ ಒಂದೇ ಕಿಣ್ವದಲ್ಲಿದೆ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್‌ಗಳು ಹಾಗಲ್ಲ. ಶ್ವಾಸಕೋಶದ ಕ್ಯಾನ್ಸರನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲಿ ಅದರ ಅಡಿನೊಕಾರ್ಸಿನೋಮ ಎಂಬ ಬಗೆಯ ರೋಗಿಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕ ಪ್ರೋಟೀನ್ ಕೆಟ್ಟಿರುತ್ತದೆ. ಇವರಲ್ಲಿ ಬೀಡಿ ಸಿಗರೇಟು ಮುಟ್ಟದವರೂ ಹೆಂಗಸರೂ ಬಹಳ. ಕೆಮ್ಮು, ಎದೆಯ ಕ್ಷ-ಕಿರಣದಲ್ಲಿ ಮಚ್ಚೆ ಎಂದೊಡನೆ ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಅದಕ್ಕೇ ಔಷಧ ಕೊಟ್ಟು ಕಾಲ ಕಳೆಯುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅಷ್ಟರಲ್ಲಿ ರೋಗ ಹರಡಿರುತ್ತದೆ.

ಇಜಿಎಫ್‌ಆರ್ ಕೆಟ್ಟಿರುವ ಗಡ್ಡೆಗಳಿಗೆ ಜೆಫಿಟಿನಿಬ್, ಎರ್ಲೊಟಿನಿಬ್ ಗುಳಿಗೆಗಳು ಬಂದವು. ಆಮ್ಲಜನಕದ ಆಸರೆಯಲ್ಲಿದ್ದ ರೋಗಿ ಕೆಲವೇ ವಾರಗಳಲ್ಲಿ ಎದ್ದು ಓಡಾಡಿದ ಉದಾಹರಣೆಗಳಿವೆ. ಆದರೆ ಬಹುಪಾಲು ರೋಗಿಗಳಲ್ಲಿ ಒಂದು ವರ್ಷದ ಆಸುಪಾಸಿನಲ್ಲಿ ಪ್ರತಿರೋಧ ಕಾಣಿಸುತ್ತದೆ. 2005ರಲ್ಲಿ ಅದರ ಕಾರಣ ಸಿಕ್ಕಾಗ ಸಂಶೋಧಕರಿಗೆ ಪರಿಚಿತ ಚಿತ್ರವೇ ಕಂಡಿತು: 790ನೇ ಸ್ಥಾನದ ಥ್ರಿಯೊನೀನ್ ಹೋಗಿ ಮೆಥಿಯೊನೀನ್ ಬಂದಿತ್ತು. ಸಿಎಂಎಲ್‌ನ 315 ಮತ್ತು ಇಲ್ಲಿಯ 790, ಎರಡೂ ತಮ್ಮ ತಮ್ಮ ಕಿಣ್ವದ ಕುಳಿಯ ಬಾಯಲ್ಲಿ ಒಂದೇ ಬಗೆಯ ಜಾಗದಲ್ಲಿವೆ. ಪ್ರತಿರೋಧ ಪಡೆದ ಅರ್ಧಕ್ಕೂ ಹೆಚ್ಚು ಗಡ್ಡೆಗಳಲ್ಲಿ ಇದೇ ಮಾರ್ಪಾಡು ಇರುತ್ತದೆ. 2015ರಲ್ಲಿ ಬಂದ ಒಸಿಮರ್ಟಿನಿಬ್ ಪಕ್ಕದ 797ನೇ ಸ್ಥಾನದ ಸಿಸ್ಟೀನ್‌ಗೆ ಬಿಡಿಸಲಾಗದಂತೆ ಬೆಸೆದುಕೊಂಡು ಈ ತಡೆಯನ್ನು ದಾಟಿತು. ಅದೇ ವರ್ಷ ಆ ಸಿಸ್ಟೀನನ್ನೇ ಕಳೆದುಕೊಂಡ ಗಡ್ಡೆಗಳೂ ಪತ್ತೆಯಾದವು. ಬೆಸೆದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಹೀಗಿದ್ದರೂ ಲಾಭ ಸಣ್ಣದಲ್ಲ. ಒಸಿಮರ್ಟಿನಿಬನ್ನು ಮೊದಲ ಔಷಧವಾಗಿಯೇ ಕೊಟ್ಟಾಗ ರೋಗ ಮುಂದುವರಿಯದ ಮಧ್ಯಮ ಅವಧಿ 10.2 ತಿಂಗಳಿನಿಂದ 18.9 ತಿಂಗಳಿಗೆ ಏರಿತು.

ಶ್ವಾಸಕೋಶದ ಗಡ್ಡೆ ಗುರಿಯನ್ನು ಬದಲಿಸದೆಯೂ ತಪ್ಪಿಸಿಕೊಳ್ಳುತ್ತದೆ. ಇಜಿಎಫ್‌ಆರ್ ಮುಚ್ಚಿಹೋದಾಗ ಎಂಇಟಿ ಎಂಬ ಇನ್ನೊಂದು ಗ್ರಾಹಕದ ಪ್ರತಿಗಳನ್ನು ಹೆಚ್ಚಿಸಿಕೊಂಡು ಅದೇ ಸಂದೇಶವನ್ನು ಬೇರೆ ದಾರಿಯಲ್ಲಿ ಕಳಿಸುವ ಗಡ್ಡೆಗಳಿವೆ. ಇನ್ನು ಕೆಲವು ತಮ್ಮ ಜಾತಿಯನ್ನೇ ಬದಲಿಸಿ, ಸಣ್ಣಕೋಶದ ಕ್ಯಾನ್ಸರ್ ಎಂಬ ಬೇರೆ ರೋಗವಾಗಿಬಿಡುತ್ತವೆ. ಚಿಕಿತ್ಸೆ ಪ್ರತಿಯೊಂದಕ್ಕೂ ಬೇರೆ ಬೇರೆ. ಆದ್ದರಿಂದಲೇ ರೋಗ ಮರಳಿದಾಗ ಹೊಸದಾಗಿ ಬಯಾಪ್ಸಿ, ಅದಾಗದಿದ್ದರೆ ಗಡ್ಡೆಯಿಂದ ರಕ್ತಕ್ಕೆ ಸೋರಿದ ಡಿಎನ್‌ಎ ತುಣುಕುಗಳ ಪರೀಕ್ಷೆ ಮಾಡಿಸಬೇಕೆಂದು ತಜ್ಞರು ಒತ್ತಾಯಿಸುತ್ತಾರೆ. ಎರಡು ವರ್ಷದ ಹಿಂದಿನ ರಿಪೋರ್ಟ್ ನೋಡಿ ಇಂದಿನ ರೋಗಕ್ಕೆ ಔಷಧ ಬರೆಯುವುದು ಈ ರೋಗದಲ್ಲಿ ತಪ್ಪಾಗುತ್ತದೆ.

ಸ್ತನ ಕ್ಯಾನ್ಸರ್‌ನಲ್ಲಿ ಶೇ 15ರಿಂದ 20ರಷ್ಟು ಗಡ್ಡೆಗಳ ಮೇಲ್ಮೈಯಲ್ಲಿ ಹರ್2 ಎಂಬ ಗ್ರಾಹಕ ವಿಪರೀತ ಸಂಖ್ಯೆಯಲ್ಲಿರುತ್ತದೆ. ಅದಕ್ಕೆ ಅಂಟುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೆಲೆ ಮಾತ್ರ ಭಾರತದ ಬಹುತೇಕ ಹೆಂಗಸರ ಕೈಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದಕ್ಕೆ ಸಮಾನವಾದ ಜೈವಿಕ ಔಷಧವನ್ನು ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆಗೂಡಿ ರೂಪಿಸಿದ ಆ ಔಷಧಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲೂ ಅನುಮತಿ ಸಿಕ್ಕಿತು. ಟ್ರಾಸ್ಟುಜುಮ್ಯಾಬ್‌ಗೆ ಸಮಾನವಾದ ಔಷಧಗಳಲ್ಲಿ ಅಲ್ಲಿ ಅನುಮತಿ ಪಡೆದ ಮೊದಲನೆಯದು ಅದೇ. ಹರ್2 ಗಡ್ಡೆಗಳೂ ತಪ್ಪಿಸಿಕೊಳ್ಳುವುದನ್ನು ಬಲ್ಲವು: ಪ್ರತಿಕಾಯ ಅಂಟುವ ಹೊರಭಾಗವನ್ನೇ ಕಳಚಿ ಮೊಂಡು ಗ್ರಾಹಕವನ್ನು ಇಟ್ಟುಕೊಳ್ಳುವುದು, ಗ್ರಾಹಕದ ಕೆಳಗಿನ ಸಂದೇಶದ ದಾರಿಯಲ್ಲಿ ಕಾಯಂ ಚಾಲೂ ಇರುವ ಮಾರ್ಪಾಡು ಗಳಿಸುವುದು. ಉತ್ತರವಾಗಿ ಪ್ರತಿಕಾಯಕ್ಕೆ ಕೀಮೊ ಅಣುಗಳನ್ನು ಪೋಣಿಸಿ, ಗಡ್ಡೆಯ ಒಳಗೇ ಬಿಡುಗಡೆ ಮಾಡುವ ಔಷಧಗಳು ಬಂದಿವೆ.

ಕರ್ನಾಟಕದ ಬಡವರನ್ನು ಬಹಳವಾಗಿ ಕಾಡುವ ಬಾಯಿ ಕ್ಯಾನ್ಸರ್‌ನ ಕಥೆ ಇಷ್ಟು ಸಂತೋಷದ್ದಲ್ಲ. ಗುಟ್ಕಾ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ ಎಲೆ ಕೆನ್ನೆಯ ಒಳಗೆ ಇಟ್ಟುಕೊಳ್ಳುವ ಅಭ್ಯಾಸದಿಂದ ಹುಟ್ಟುವ ಈ ಗಡ್ಡೆಗಳಲ್ಲಿ ಇಜಿಎಫ್‌ಆರ್ ಬಹುತೇಕ ಹೆಚ್ಚೇ ಇರುತ್ತದೆ. ಹಾಗಿದ್ದರೂ ಅದನ್ನು ತಡೆಯುವ ಪ್ರತಿಕಾಯಗಳು ಸಿಎಂಎಲ್‌ನಲ್ಲಿ ಕಂಡಂಥ ಪವಾಡ ಮಾಡಲಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 536 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಜೊತೆ ನಿಮೊಟುಜುಮ್ಯಾಬ್ ಎಂಬ ಅಂಥ ಪ್ರತಿಕಾಯ ಸೇರಿಸಿದಾಗ, ಎರಡು ವರ್ಷ ರೋಗ ಮುಂದುವರಿಯದೆ ಇದ್ದವರ ಪ್ರಮಾಣ ಶೇ 50.1ರಿಂದ ಶೇ 61.8ಕ್ಕೆ ಏರಿತು. ಉಪಯೋಗ ನಿಜ, ಆದರೆ ಮಿತ. ಗುರಿ ಇರುವುದು ಒಂದು ಮಾತು, ಗಡ್ಡೆ ಆ ಗುರಿಯ ಮೇಲೆಯೇ ಬದುಕುತ್ತಿರುವುದು ಇನ್ನೊಂದು. ಬಾಯಿ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಕೆಟ್ಟಿರುವುದು ಟಿಪಿ53ಯಂಥ, ಕೋಶದ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವ ಜೀನುಗಳು. ಅತಿಯಾಗಿ ಕೆಲಸ ಮಾಡುವ ಪ್ರೋಟೀನನ್ನು ನಿಲ್ಲಿಸುವುದು ಸುಲಭ. ಇಲ್ಲದೇ ಹೋದ ಪ್ರೋಟೀನನ್ನು ಗುಳಿಗೆಯಿಂದ ತಂದುಕೊಡುವುದು ಇನ್ನೂ ಸಾಧ್ಯವಾಗಿಲ್ಲ. ಸದ್ಯಕ್ಕೆ ಈ ರೋಗದ ವಿರುದ್ಧ ಅತಿ ದೊಡ್ಡ ಔಷಧವೆಂದರೆ ತಂಬಾಕು ಬಿಡುವುದೇ, ಬಾಯಲ್ಲಿ ಮಾಯದ ಹುಣ್ಣು ಕಂಡಾಗ ಬೇಗ ತೋರಿಸುವುದೇ.

ಜೀನಿನಲ್ಲಿ ಯಾವ ಬದಲಾವಣೆಯೂ ಇಲ್ಲದೆ ಕೋಶಗಳು ಔಷಧವನ್ನು ಸಹಿಸಿಕೊಳ್ಳುವುದೂ ಉಂಟು. ಅಮೆರಿಕದ ಪ್ರಯೋಗಾಲಯವೊಂದು 2010ರಲ್ಲಿ ತೋರಿಸಿದಂತೆ, ಶ್ವಾಸಕೋಶದ ಕ್ಯಾನ್ಸರ್ ಕೋಶಗಳ ಮೇಲೆ ಮಾರಕ ಪ್ರಮಾಣದ ಔಷಧ ಸುರಿದಾಗಲೂ ಸಾವಿರದಲ್ಲಿ ಮೂರರಷ್ಟು ಕೋಶಗಳು ಬೆಳವಣಿಗೆ ನಿಲ್ಲಿಸಿಕೊಂಡು ಸುಮ್ಮನೆ ಬದುಕಿ ಉಳಿದವು. ಔಷಧ ತೆಗೆದ ಮೇಲೆ ಅವುಗಳ ಸಂತತಿ ಮತ್ತೆ ಔಷಧಕ್ಕೆ ಬಲಿಯಾಗುವಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ರೂಪಬದಲಾವಣೆಯ ಮೇಲೆ ಮಹತ್ವದ ಕೆಲಸ ನಡೆದಿದೆ. ಅನ್ನಪೂರ್ಣಿ ರಂಗರಾಜನ್ ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ ಸ್ತನ ಕ್ಯಾನ್ಸರ್ ಕೋಶಗಳನ್ನು ಕುರಿತದ್ದು. ಆಧಾರಕ್ಕೆ ಅಂಟಿಕೊಂಡಿರುವಾಗ ಈ ಕೋಶಗಳಲ್ಲಿ ಎಕೆಟಿ ಎಂಬ ಬೆಳವಣಿಗೆಯ ಕಿಣ್ವ ಮೇಲುಗೈ ಪಡೆದಿರುತ್ತದೆ. ಕಳಚಿಕೊಂಡು ತೇಲತೊಡಗಿದಾಗ ಎಎಂಪಿಕೆ ಎಂಬ, ಬರಗಾಲದಲ್ಲಿ ಕೋಶವನ್ನು ಉಳಿಸುವ ಕಿಣ್ವ ಮುಂದೆ ಬರುತ್ತದೆ. ಎರಡೂ ಒಂದನ್ನೊಂದು ಅದುಮುತ್ತವೆ, ಆದ್ದರಿಂದ ಕೋಶ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹಾರಬಲ್ಲದು. ರಕ್ತದಲ್ಲಿ ತೇಲಿ ದೂರದ ಅಂಗಕ್ಕೆ ಹೋಗುವ ಕೋಶ ಬದುಕುಳಿಯುವುದು ಹೇಗೆ ಎನ್ನುವುದಕ್ಕೆ ಇದು ಉತ್ತರದ ಒಂದು ಭಾಗ. ಒಂದೇ ಕಿಣ್ವವನ್ನು ತಡೆದರೆ ಕೋಶ ಇನ್ನೊಂದರ ಆಸರೆ ಹಿಡಿಯಬಹುದು ಎನ್ನುವುದೂ ಇಲ್ಲಿಂದ ಹೊರಡುವ ಪಾಠ.

ತೊಗರಿ ಹೊಲದ ಮಾತಿಗೆ ಇಲ್ಲಿ ಮತ್ತೆ ಬರಬೇಕಾಗುತ್ತದೆ. ಕೀಟಗಳನ್ನು ಪೂರ್ತಿ ಅಳಿಸಹೊರಟರೆ ವಿಷಕ್ಕೆ ಬಗ್ಗದವು ಮಾತ್ರ ಉಳಿಯುತ್ತವೆ, ಹಾನಿ ಮಾಡದಷ್ಟು ಸಂಖ್ಯೆಯಲ್ಲಿ ಇಟ್ಟರೆ ಔಷಧಕ್ಕೆ ಬಗ್ಗುವವು ಬಗ್ಗದವನ್ನು ಪೈಪೋಟಿಯಲ್ಲಿ ಹಿಡಿದಿಡುತ್ತವೆ ಎನ್ನುವುದು ಸಮಗ್ರ ಕೀಟ ನಿರ್ವಹಣೆಯ ತಿಳಿವಳಿಕೆ. ಫ್ಲಾರಿಡಾದ ಮಾಫಿಟ್ ಕ್ಯಾನ್ಸರ್ ಕೇಂದ್ರದ ರಾಬರ್ಟ್ ಗೇಟನ್‌ಬಿ 2009ರಲ್ಲಿ ಇದನ್ನೇ ಉದಾಹರಿಸಿ, ಕ್ಯಾನ್ಸರ್‌ಗೂ ಇದೇ ನೀತಿ ಏಕಿರಬಾರದು ಎಂದು ಕೇಳಿದರು. ಅವರ ಸಹೋದ್ಯೋಗಿಗಳು ಹರಡಿದ ಪ್ರೊಸ್ಟೇಟ್ ಕ್ಯಾನ್ಸರ್ ಇರುವ 11 ರೋಗಿಗಳಿಗೆ ಅಬಿರಾಟೆರೋನ್ ಗುಳಿಗೆಯನ್ನು ಬಿಟ್ಟು ಬಿಟ್ಟು ಕೊಟ್ಟರು. ಈ ರೋಗದ ಏರಿಳಿತ ತೋರಿಸುವ, ರಕ್ತದ ಪಿಎಸ್‌ಎ ಮಟ್ಟ ಅರ್ಧಕ್ಕೆ ಇಳಿದಾಗ ನಿಲ್ಲಿಸುವುದು, ಮೊದಲ ಮಟ್ಟಕ್ಕೆ ಏರಿದಾಗ ಮತ್ತೆ ಶುರುಮಾಡುವುದು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ ರೋಗ ಮುಂದುವರಿದದ್ದು ಒಬ್ಬರಲ್ಲಿ ಮಾತ್ರ. ಬಳಸಿದ ಔಷಧ ಸಾಮಾನ್ಯದ ಅರ್ಧಕ್ಕಿಂತ ಕಡಿಮೆ. ಸಂಖ್ಯೆ ಸಣ್ಣದು, ದೊಡ್ಡ ಪ್ರಯೋಗಗಳಿಂದ ದೃಢಪಡಬೇಕು. ಈ ವಿಧಾನ ಸಿಎಂಎಲ್‌ಗಾಗಲಿ ಸ್ತನ ಕ್ಯಾನ್ಸರ್‌ಗಾಗಲಿ ಅನ್ವಯಿಸುವುದಿಲ್ಲ, ಅಲ್ಲಿ ವೈದ್ಯರನ್ನು ಕೇಳದೆ ಔಷಧ ಬಿಟ್ಟರೆ ಅಪಾಯವೇ.

ಅಫಜಲಪುರ, ಆಳಂದದ ರೋಗಿಗೆ ಇವೆಲ್ಲ ದೂರದ ಮಾತೆನಿಸಬೇಕಾಗಿಲ್ಲ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲೇ ಇದೆ. ಸೊಲ್ಲಾಪುರದ ಕಡೆ ಹೋಗುವ ರೂಢಿಯಿರುವವರಿಗೆ ಅದೇ ಜಿಲ್ಲೆಯ ಬಾರ್ಶಿಯಲ್ಲಿ, ಹಳ್ಳಿಗರಿಗಾಗಿಯೇ ಕಟ್ಟಿದ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಬಡ ಕುಟುಂಬಗಳಿಗೆ ಕ್ಯಾನ್ಸರ್ ಸೇರಿ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತವಾಗಿ ಕೊಡುವ ರಾಜ್ಯದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಕಲಬುರಗಿ ವಿಭಾಗದಲ್ಲಿಯೇ. ಈಗ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸೇರಿದೆ. ಕೊರತೆ ಇರುವುದು ಮಾರ್ಪಾಡು ಪತ್ತೆ ಮಾಡುವ ಪರೀಕ್ಷೆಗಳಲ್ಲಿ. ಎಷ್ಟೋ ಸಲ ಮಾದರಿಯನ್ನು ಬೆಂಗಳೂರು, ಹೈದರಾಬಾದ್, ಮುಂಬೈಗೆ ಕಳಿಸಿ ವಾರಗಟ್ಟಲೆ ಕಾಯಬೇಕು, ಖರ್ಚು ರೋಗಿಯ ಮೈಮೇಲೆ ಬೀಳುತ್ತದೆ. ಗುಳಿಗೆ ಉಚಿತವಾಗಿ ಕೊಟ್ಟು, ಆ ಗುಳಿಗೆ ಇನ್ನೂ ನಾಟುತ್ತಿದೆಯೇ ಎಂದು ತಿಳಿಸುವ ಪರೀಕ್ಷೆಯನ್ನು ರೋಗಿಗೆ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಪಿಸಿಆರ್ ಮತ್ತು ಮಾರ್ಪಾಡು ಪರೀಕ್ಷೆಗಳು ಕಲಬುರಗಿಯಲ್ಲೇ, ಸರ್ಕಾರದ ಖರ್ಚಿನಲ್ಲಿ ಸಿಗುವಂತಾಗಬೇಕು. ಅಲ್ಲಿಯವರೆಗೆ ರೋಗಿಗಳೂ ಮನೆಯವರೂ ಮಾಡಬಹುದಾದದ್ದು ಇಷ್ಟು: ಡಬ್ಬಿಯಲ್ಲಿ ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಮುಂದಿನ ತಿಂಗಳದ್ದು ತರುವುದು, ಆರಾಮಾಯಿತೆಂದು ಒಂದು ದಿನವೂ ಬಿಡದಿರುವುದು, ‘ಔಷಧ ನಾಟುತ್ತಿಲ್ಲ’ ಎಂದು ವೈದ್ಯರು ಹೇಳಿದರೆ ಏಕೆ ನಾಟುತ್ತಿಲ್ಲ ಎಂಬ ಪರೀಕ್ಷೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳುವುದು.